ಬೆರಳು ಇಡಬೇಕಾದದ್ದು ಮೂಗಿನ ಮೂಳೆಯ ಮೇಲೆ

ಲಗಾಮು ತೊಡಿಸಿದ ಕುದುರೆಯನ್ನು ತಂದು ನಿಲ್ಲಿಸಿದ ಮಾಲೀಕರಲ್ಲಿ ಬಹುಪಾಲು ಜನ, ನಾನು ಬಾಯಿ ತೆರೆಯುವ ಮೊದಲೇ ಮಾಡುವ ಕೆಲಸ ಒಂದೇ. ಲಗಾಮಿನಲ್ಲಿ ಮೂಗು, ದವಡೆಗಳನ್ನು ಸುತ್ತಿ ಬರುವ ಮೂಗುಪಟ್ಟಿಗೂ ಕೆನ್ನೆಗೂ ನಡುವೆ ಎರಡು ಬೆರಳು ತೂರಿಸಿ, "ನೋಡಿ ಡಾಕ್ಟ್ರೇ, ಆರಾಮಾಗಿ ಹೋಗುತ್ತೆ" ಎನ್ನುತ್ತಾರೆ. ಹೋಗುತ್ತದೆ, ಯಾರು ಇಲ್ಲವೆಂದರು? ಕೆನ್ನೆಯ ಬಳಿ ಬೆರಳು ಹೋಗದಷ್ಟು ಬಿಗಿಯಾದ ಮೂಗುಪಟ್ಟಿಯನ್ನು ಮೈಸೂರಿನಲ್ಲಿ ಇಷ್ಟು ವರ್ಷ ಕುದುರೆಗಳನ್ನು ನೋಡಿದ ನಾನು ಇನ್ನೂ ಕಂಡಿಲ್ಲ.

ಕುದುರೆಯ ಮುಖ ಕಂಬದಂತೆ ದುಂಡಗಿಲ್ಲ. ಮೂಗಿನ ಮೇಲೆ ತೆಳುವಾದ ಚರ್ಮ, ಅದರ ಕೆಳಗೇ ಮೂಳೆ. ತಳಭಾಗದಲ್ಲಿ ಕೆಳದವಡೆಯ ಎರಡು ಅಂಚುಗಳು. ಇವುಗಳ ನಡುವಿನ ಕೆನ್ನೆ ಚಪ್ಪಟೆಯಾಗಿಯೂ ಮೆತ್ತಗೂ ಇರುತ್ತದೆ. ಹಿಂದೆ ಬಸ್ಸಿನ ಮೇಲೆ ತಗಡಿನ ಟ್ರಂಕು ಕಟ್ಟಿ ಕಳಿಸುತ್ತಿದ್ದುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು: ಹಗ್ಗವನ್ನು ಎಷ್ಟೇ ಎಳೆದು ಬಿಗಿದರೂ ಟ್ರಂಕಿನ ಚಪ್ಪಟೆ ಮೈಯ ಮೇಲೆ ಬೆರಳು ತೂರುತ್ತದೆ, ಮೂಲೆಯಲ್ಲಿ ಮಾತ್ರ ಹಗ್ಗ ತಗಡನ್ನೇ ಕಚ್ಚಿಕೊಂಡಿರುತ್ತದೆ. ಕುದುರೆಯ ಮುಖದ ಆ 'ಮೂಲೆ' ಮೂಗಿನ ಮೂಳೆ. ಆದ್ದರಿಂದ ಅಳತೆ ನೋಡಬೇಕಾದದ್ದು ಅಲ್ಲಿ, ಮುಖದ ಮುಂಭಾಗದಲ್ಲಿ, ನಡುಮಧ್ಯದಲ್ಲಿ. ದೊಡ್ಡವರ ಎರಡು ಬೆರಳು ಅಕ್ಕಪಕ್ಕದಲ್ಲಿ ಮಲಗಿಕೊಂಡು, ತುದಿ ಮಾತ್ರವಲ್ಲದೆ ಬುಡದವರೆಗೆ, ಪಟ್ಟಿಯ ಕೆಳಗೆ ಸರಾಗವಾಗಿ ಸರಿಯಬೇಕು. ಅಂದಾಜು 1.5 ಸೆಂಟಿಮೀಟರ್ ಎತ್ತರದ ಜಾಗ. ಒಬ್ಬರ ಬೆರಳು ದಪ್ಪ, ಇನ್ನೊಬ್ಬರದು ಸಣ್ಣ ಎಂಬ ತಕರಾರು ಬಂದಾಗ ಅಷ್ಟೇ ದಪ್ಪದ ಮರದ ತುಂಡೊಂದನ್ನು ಜೇಬಿನಿಂದ ತೆಗೆದು ತೋರಿಸುತ್ತೇನೆ.

ಬಿಗಿಯುವುದೇಕೆ ಎಂದು ಕೇಳಿದರೆ, ಕುದುರೆ ಬಾಯಿ ತೆರೆಯುತ್ತದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಾಯಿ ತೆರೆಯುವುದು ಅದರ ದೂರು. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲವಾಗಿರುವುದರಿಂದ ಮೇಲಿನ ದವಡೆಹಲ್ಲುಗಳ ಹೊರಅಂಚು ಸವೆಯದೆ ಕತ್ತಿಯಂತೆ ಚೂಪಾಗುತ್ತದೆ. ಪಟ್ಟಿಯನ್ನು ಬಿಗಿದಾಗ ಕೆನ್ನೆಯ ಒಳಮೈ ಆ ಅಂಚಿಗೇ ಒತ್ತಿಕೊಂಡು ಹುಣ್ಣಾಗುತ್ತದೆ. ಹುಣ್ಣಿನ ನೋವಿಗೆ ಕುದುರೆ ಇನ್ನಷ್ಟು ಬಾಯಿ ತೆರೆಯಲು ನೋಡುತ್ತದೆ, ಮಾಲೀಕರು ಇನ್ನೊಂದು ತೂತು ಬಿಗಿಯುತ್ತಾರೆ. ಪಟ್ಟಿ ಕೆಳಕ್ಕೆ ಜಾರಿ ಮೂಗಿನ ಹೊಳ್ಳೆಗಳ ಮೇಲಿನ ಮೆದು ಭಾಗಕ್ಕೆ ಬಂದರೆ ಇನ್ನೊಂದು ಅಪಾಯವಿದೆ, ಏಕೆಂದರೆ ಕುದುರೆ ನಮ್ಮಂತೆ ಬಾಯಿಯಿಂದ ಉಸಿರಾಡಲಾರದು, ಅದಕ್ಕಿರುವುದು ಮೂಗೊಂದೇ. ಬಾಯಿ ತೆರೆಯುವ ಪ್ರತಿಯೊಂದು ಕುದುರೆಗೂ ಹಲ್ಲಿನದೇ ತೊಂದರೆ ಎಂದು ನಾನು ಹೇಳುತ್ತಿಲ್ಲ. ಬಾಯೊಳಗೆ ಕೂರುವ ಕಬ್ಬಿಣದ ಕಡಿವಾಣದ ಅಳತೆ ತಪ್ಪಿರಬಹುದು, ಸವಾರನ ಕೈ ಒರಟಾಗಿರಬಹುದು. ನೋಡದೆ ಹೇಳಲಾಗದು, ನೋಡದೆ ಬಿಗಿಯಲೂ ಬಾರದು.

ಕಳೆದ ವರ್ಷ ಮಂಡ್ಯದ ಕಡೆಯ ಯುವಕನೊಬ್ಬ ಮಾರ್ವಾಡಿ ತಳಿಯ ಕುದುರೆಯನ್ನು ತೋರಿಸಲು ಕರೆದ. ಮನೆಯಲ್ಲಿ ತಲೆಮಾರುಗಳಿಂದ ಹಳ್ಳಿಕಾರ್ ಎತ್ತು ಸಾಕಿದವರು. ಎತ್ತನ್ನು ಮೂಗುದಾರದಲ್ಲಿ ಹಿಡಿದು ಬೆಳೆದ ಕೈಗೆ ಕುದುರೆಯ ಮೂಗೂ ಹಿಡಿಕೆಯಾಗಿಯೇ ಕಾಣುವುದು ಸಹಜ. ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರ ಕುದುರೆಯ ಫೋಟೊ ತೆಗೆದು, ಅದೇ ಥರದ್ದು ಬೇಕೆಂದು ಕಾನ್ಪುರದಲ್ಲಿ ತಯಾರಾದ ಲಗಾಮನ್ನು ತರಿಸಿದ್ದ. ಚರ್ಮ ಒಳ್ಳೆಯದೇ. ಆದರೆ ದೊಡ್ಡ ತಲೆಯ ಕುದುರೆಗೆ ಮಾಡಿದ ಫುಲ್ ಸೈಜಿನ ಲಗಾಮು ಈ ಸಪೂರ ಮುಖಕ್ಕೆ ಹೊಂದುವುದೆಂತು? ಮೊಳೆ ಕಾಯಿಸಿ ಎಡಬಲಗಳಲ್ಲಿ ಹೆಚ್ಚುಕಡಿಮೆಯಾಗಿ ತೂತು ಕೊರೆದಿದ್ದ. ಹಣೆಪಟ್ಟಿ ಉದ್ದವಾಗಿ ಜೋತಿತ್ತು, ಕಡಿವಾಣ ಬಾಯಿಯ ಎರಡೂ ಬದಿಗೆ ಒಂದೊಂದು ಬೆರಳಗಲ ಹೊರಚಾಚಿ ಅತ್ತಿತ್ತ ಜಾರುತ್ತಿತ್ತು. ಅದು ಪ್ರತಿ ಬದಿಯಲ್ಲೂ ಅರ್ಧ ಸೆಂಟಿಮೀಟರಿನಷ್ಟು ಹೊರಗಿದ್ದರೆ ಸಾಕು. ಇಷ್ಟೆಲ್ಲ ಸಡಿಲವನ್ನೂ ಸರಿದೂಗಿಸಲು ಮೂಗುಪಟ್ಟಿಯೊಂದನ್ನು ಬಲವಾಗಿ ಬಿಗಿದಿದ್ದ. ಕುದುರೆ ತಲೆ ಕೊಡವುತ್ತಿದ್ದುದಕ್ಕೆ ದೃಷ್ಟಿಯಾಗಿದೆಯೆಂದು ಮನೆಯ ಹಿರಿಯರು ಕೊರಳಿಗೆ ಕರಿದಾರ ಕಟ್ಟಿದ್ದರು. ಆ ದಾರವೊಂದೇ ಅದರ ಮೈಮೇಲೆ ಸರಿಯಾದ ಅಳತೆಯಲ್ಲಿತ್ತು. ಬಾಯಿ ತೆರೆಸಿ ದೀಪ ಹಿಡಿದಾಗ ಎರಡೂ ಕೆನ್ನೆಗಳ ಒಳಗೆ ಹುಣ್ಣು, ಮೂಗಿನ ಮೂಳೆಯ ಮೇಲೆ ಪಟ್ಟಿ ಒತ್ತಿದಲ್ಲಿ ಆಗಲೇ ಬಿಳಿಗೂದಲಿನ ಗೆರೆ.

ಉಳಿದ ಪಟ್ಟಿಗಳ ವಿಷಯದಲ್ಲಿ ಜನ ಇಷ್ಟು ಎಡವುವುದಿಲ್ಲ. ಗಂಟಲಪಟ್ಟಿಯೊಳಗೆ ನಾಲ್ಕು ಬೆರಳು ಆಡಲಿ, ಹಣೆಪಟ್ಟಿ ಗಿಡ್ಡವಾಗಿ ನೆತ್ತಿಯ ಪಟ್ಟಿಯನ್ನು ಕಿವಿಯ ಬುಡಕ್ಕೆ ಎಳೆಯದಿರಲಿ, ಮೂಗುಪಟ್ಟಿ ಕೆನ್ನೆಮೂಳೆಯ ಏಣು ಮುಗಿಯುವಲ್ಲಿಂದ ಎರಡು ಬೆರಳು ಕೆಳಗೆ ಕೂರಲಿ. ಅರಮನೆಯ ಸುತ್ತ ಟಾಂಗಾ ಓಡಿಸುವ ಹಿರಿಯ ಸಾಬರೊಬ್ಬರನ್ನು ನಾನು ಬಲ್ಲೆ. ಅವರು ಯಾವ ಅಳತೆಯನ್ನೂ ಕಲಿತವರಲ್ಲ. ಬೆಳಿಗ್ಗೆ ಲಗಾಮು ತೊಡಿಸುವ ಮುನ್ನ ಪ್ರತಿ ಪಟ್ಟಿಯ ಒಳಮೈ ಮೇಲೆ ಹೆಬ್ಬೆರಳು ಎಳೆದು, ಹಿಂದಿನ ದಿನದ ಬೆವರಿನ ಉಪ್ಪು ಒಣಗಿ ಗಟ್ಟಿಯಾದ ಕಡೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಅವರ ಕುದುರೆಯ ಮುಖದಲ್ಲಿ ಒಂದು ಗಾಯದ ಗುರುತನ್ನೂ ನಾನು ನೋಡಿಲ್ಲ.

ಆ ಯುವಕನ ಕುದುರೆಯ ಹಲ್ಲಿನ ಅಂಚನ್ನು ಉಜ್ಜಿ ನಯಗೊಳಿಸಿ, ಹುಣ್ಣು ಮಾಯುವವರೆಗೆ ಬಾಯಿಗೆ ಕಬ್ಬಿಣ ಹಾಕಬಾರದೆಂದು ತಿಳಿಸಿ, ಚಿಕ್ಕ ಅಳತೆಯ ಲಗಾಮು ಬಂದ ಮೇಲೆ ನಾನೇ ಹೋಗಿ ತೊಡಿಸಿಕೊಟ್ಟು ಬಂದೆ. ವಾರ ಕಳೆದು ಫೋನ್ ಮಾಡಿದ. "ಸಾರ್, ಈಗ ಬಾಯೇ ತೆಗಿಯಲ್ಲ, ತಲೇನೂ ಒದರಲ್ಲ. ಆದ್ರೆ ಪಟ್ಟಿ ಯಾಕೋ ಸಡಿಲ ಕಾಣ್ತದೆ. ಒಂದೇ ಒಂದು ತೂತು ಬಿಗಿ ಮಾಡ್ಲಾ?"