ಪದ ಪರಿಚಯ: ಕ್ರಿಪ್ಟಾರ್ಕಿಡ್, ಅಂದರೆ ಉಂಟು ಆದರೆ ಕಾಣುವುದಿಲ್ಲ

ಬ್ರಹ್ಮಾವರದಲ್ಲಿರುವ ನಮ್ಮ ಭಾವ ಒಂದು ಲ್ಯಾಬ್ರಡಾರ್ ಮರಿ ತಂದಿದ್ದರು. ಎಂಟು ವಾರದ ಗಂಡು ಮರಿ. ಮೊದಲ ಲಸಿಕೆಗೆ ಉಡುಪಿಗೆ ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಡಾಕ್ಟರು ತೂಕ ನೋಡಿದರು, ಕಿವಿ ನೋಡಿದರು, ಹಲ್ಲು ನೋಡಿದರು. ಕೊನೆಗೆ ಮರಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಹಿಂಗಾಲುಗಳ ನಡುವೆ ಎರಡು ಬೆರಳಿಟ್ಟು ಸುಮಾರು ಹೊತ್ತು ತಡಕಿದರು. ಬೆರಳು ತೊಡೆಸಂದಿಯವರೆಗೂ ಹೋಯಿತು, ಮತ್ತೆ ಕೆಳಗೆ ಬಂತು. ಎಡಗಡೆಯದ್ದು ಮಾತ್ರ ಸಿಗುತ್ತಿದೆ ಎಂದರು.

"ಒಂದು ಉಂಟಲ್ಲ ಡಾಕ್ಟ್ರೇ, ಸಾಕಾಗುದಿಲ್ವಾ?" ಎಂದು ಭಾವ ಕೇಳಿದರು.

"ಇನ್ನೊಂದೂ ಉಂಟು ಮಾರಾಯ್ರೇ. ಎಲ್ಲಿ ಉಂಟು ಅಂತ ಗೊತ್ತಾಗ್ಬೇಕಷ್ಟೆ."

ಲಸಿಕೆ ಕಾರ್ಡಿನ ಮೂಲೆಯಲ್ಲಿ ಅವರು ಬರೆದ ಪದ 'ಕ್ರಿಪ್ಟಾರ್ಕಿಡ್'. ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ. ಆ ಪ್ರಶ್ನೆ ಚಿಹ್ನೆಗೂ ಅರ್ಥವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಪದ ಗ್ರೀಕಿನದು. ಕ್ರಿಪ್ಟೋಸ್ ಅಂದರೆ ಅಡಗಿದ್ದು, ಆರ್ಖಿಸ್ ಅಂದರೆ ವೃಷಣ. ನಮ್ಮಲ್ಲಿ ಮಳೆ ಶುರುವಾಗುವ ಹೊತ್ತಿಗೆ ಮರದ ಕೊಂಬೆಯಿಂದ ಸೀತಾಳೆ ದಂಡೆ ಜೋತು ಬೀಳುತ್ತದಲ್ಲ, ಆ ಆರ್ಕಿಡ್ ಜಾತಿಯ ಹೆಸರಿನಲ್ಲಿರುವುದೂ ಇದೇ ಆರ್ಖಿಸ್. ಗ್ರೀಕರು ಕಂಡ ಆರ್ಕಿಡ್ ನೆಲದಲ್ಲಿ ಬೆಳೆಯುವಂಥದ್ದು. ಅದರ ಬೇರಿನಲ್ಲಿ ಜೋಡಿ ಗೆಡ್ಡೆ ಇರುತ್ತವೆ, ಅದನ್ನು ನೋಡಿ ಇಟ್ಟ ಹೆಸರು. ಸೀತಾಳೆಗೆ ಅಂಥ ಗೆಡ್ಡೆ ಇಲ್ಲ, ಪಾಪ, ಸುಮ್ನೆ ಕುಲನಾಮ ಹೊತ್ತುಕೊಂಡಿದೆ.

ಕನ್ನಡದಲ್ಲಿ ಇದನ್ನು ಗುಪ್ತವೃಷಣ ಎನ್ನಬಹುದು. ಆದರೆ ಹಾಗೆಂದರೆ ಯಾರಿಗೂ ತಕ್ಷಣ ತಲೆಗೆ ಹೋಗುವುದಿಲ್ಲ. 'ಬೀಜ ಇಳಿದಿಲ್ಲ' ಎಂದರೆ ದನ ಸಾಕಿದ ಯಾರಿಗಾದರೂ ಅರ್ಥವಾಗುತ್ತದೆ. ನನಗೆ ಆ ಮಾತೇ ಇಷ್ಟ. ಏಕೆಂದರೆ ಅದರೊಳಗೇ ವಿವರಣೆಯೂ ಇದೆ: ಬೀಜ ಮೇಲಿಂದ ಕೆಳಗೆ ಇಳಿಯಬೇಕಾದ ವಸ್ತು.

ಮರಿ ತಾಯಿಯ ಹೊಟ್ಟೆಯಲ್ಲಿರುವಾಗ ಬೀಜಗಳು ಹುಟ್ಟುವುದು ಕೆಳಗಲ್ಲ, ಕಿಡ್ನಿಯ ಹತ್ತಿರ. ಅಲ್ಲಿಂದ ಹೊಟ್ಟೆಯೊಳಗೆ ಹಿಂದಕ್ಕೆ ಸರಿದು, ತೊಡೆಸಂದಿಯ ಒಂದು ಸಣ್ಣ ಓಣಿ ದಾಟಿ, ಚೀಲ ಸೇರಬೇಕು. ದಾರಿ ತೋರಿಸುವ ಒಂದು ಪಟ್ಟಿಗೆ ಗುಬರ್ನಾಕ್ಯುಲಂ ಎಂದು ಹೆಸರು. ಲ್ಯಾಟಿನ್‌ನಲ್ಲಿ ಅದರ ಅರ್ಥ ಚುಕ್ಕಾಣಿ. ಮಲ್ಪೆಯ ದೋಣಿಯವರು ಇದನ್ನು ನೋಡಿದ್ದರೆ ಹಗ್ಗ ಎಂದೇ ಕರೆಯುತ್ತಿದ್ದರು. ಅದು ಮೊದಲು ಊದಿ ದಾರಿ ಅಗಲ ಮಾಡುತ್ತದೆ, ಆಮೇಲೆ ಕುಗ್ಗುತ್ತಾ ಬೀಜವನ್ನು ಕೆಳಗೆ ಎಳೆದುಕೊಳ್ಳುತ್ತದೆ. ಈ ಎಳೆತಕ್ಕೆ ಹಾರ್ಮೋನುಗಳ ಅಪ್ಪಣೆ ಬೇಕು. ಎಲ್ಲಿಯೋ ಒಂದು ಕಡೆ ಲೆಕ್ಕ ತಪ್ಪಿದರೆ ಬೀಜ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಹೊಟ್ಟೆಯೊಳಗೆ, ಓಣಿಯಲ್ಲಿ, ಅಥವಾ ತೊಡೆಸಂದಿಯ ಚರ್ಮದ ಕೆಳಗೆ. ಬಲಗಡೆಯದ್ದೇ ನಿಲ್ಲುವುದು ಜಾಸ್ತಿ. ನಾಯಿಯ ಬಲ ಕಿಡ್ನಿ ಎಡದ್ದಕ್ಕಿಂತ ತುಸು ಮುಂದಿರುವುದರಿಂದ ಆ ಕಡೆಯ ಬೀಜಕ್ಕೆ ದಾರಿ ಉದ್ದ.

ಸಾಮಾನ್ಯವಾಗಿ ಆರರಿಂದ ಎಂಟು ವಾರದೊಳಗೆ ಎರಡೂ ಚೀಲದಲ್ಲಿ ಕೈಗೆ ಸಿಗಬೇಕು. ಆದರೆ ಆ ವಯಸ್ಸಿನಲ್ಲಿ ಅವು ಅಲಸಂದೆ ಕಾಳಿನಷ್ಟಿರುತ್ತವೆ. ಮರಿ ಹೆದರಿದರೆ, ಚಳಿಯಾದರೆ, ಸ್ನಾಯು ಅವನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಪಕ್ಕದ ಕೊಬ್ಬಿನ ಗಂಟನ್ನೇ ಬೀಜ ಎಂದುಕೊಳ್ಳುವವರೂ ಇದ್ದಾರೆ. ಹಾಗಾಗಿ ಎಂಟು ವಾರಕ್ಕೆ ಸಿಗಲಿಲ್ಲ ಎಂದ ಮಾತ್ರಕ್ಕೆ ತೀರ್ಪು ಕೊಡುವುದಿಲ್ಲ. ಪ್ರತಿ ಲಸಿಕೆಗೆ ಹೋದಾಗಲೂ ಮತ್ತೆ ತಡಕಿ ನೋಡುತ್ತಾರೆ. ತೊಡೆಸಂದಿಯ ಓಣಿಯ ಬಾಯಿ ಸುಮಾರು ಆರು ತಿಂಗಳಿಗೆ ಬಿಗಿಯಾಗುತ್ತದೆ. ಅಲ್ಲಿಯವರೆಗೆ ಪ್ರಶ್ನೆ ಚಿಹ್ನೆ. ಆಮೇಲೆ ಬೀಜ ತಾನಾಗಿ ಇಳಿದೀತು ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಇಳಿಸುವ ಇಂಜೆಕ್ಷನ್ ಇದೆಯಂತೆ ಎಂದು ಕೆಲವರು ಹೇಳುತ್ತಾರೆ. ನಾಯಿಯಲ್ಲಿ ಅದು ನಂಬುವಂಥ ಮದ್ದಲ್ಲ.

ಇಲ್ಲಿ ಇನ್ನೊಂದು ಪದದ ಗೊಂದಲ. ಒಂದೇ ಕಂಡರೆ ಅದನ್ನು 'ಮಾನಾರ್ಕಿಡ್' ಎನ್ನುವುದು ಅಭ್ಯಾಸ. ಹಾಗೆಂದರೆ ನಿಜವಾಗಿ ಒಂದೇ ಬೀಜ ಇರುವ ಪ್ರಾಣಿ, ಇನ್ನೊಂದು ಹುಟ್ಟಲೇ ಇಲ್ಲ ಎಂದರ್ಥ. ಅದು ಬಹಳ ಅಪರೂಪ. ನಮಗೆ ಸಿಗುವ ಒಂಟಿ ಬೀಜದ ಮರಿಗಳೆಲ್ಲ ಹೆಚ್ಚುಕಡಿಮೆ ಕ್ರಿಪ್ಟಾರ್ಕಿಡ್‌ಗಳೇ. ಇನ್ನೊಂದು ಒಳಗೆ ಉಂಟು.

ಒಳಗಿದ್ದರೆ ಇರಲಿ, ಅದರ ಪಾಡಿಗೆ ಅದು, ಎನ್ನುವಂತಿಲ್ಲವೇ? ತೊಂದರೆ ಶುರುವಾಗುವುದೇ ಅಲ್ಲಿ. ನಾಯಿಯ ಮೈಯ ಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಬೀಜ ಹೊರಗೆ ಚೀಲದಲ್ಲಿ ತೂಗುವುದು ಅದಕ್ಕಿಂತ ತುಸು ತಂಪಾಗಿರಲಿ ಎಂದೇ. ಒಳಗಿನ ಬಿಸಿಯಲ್ಲಿ ಅದು ವೀರ್ಯಾಣು ತಯಾರಿಸುವುದಿಲ್ಲ. ಆದರೆ ಗಂಡು ಹಾರ್ಮೋನು ತಯಾರಿಸುವುದನ್ನು ಬಿಡುವುದಿಲ್ಲ. ಅದಕ್ಕೇ ಎರಡೂ ಇಳಿಯದ ನಾಯಿಗೆ ಮರಿ ಆಗುವುದಿಲ್ಲ, ಆದರೂ ಅದು ಬೈಕಿನ ಚಕ್ರಕ್ಕೆಲ್ಲ ಕಾಲೆತ್ತುತ್ತದೆ, ಬೆದೆಯ ವಾಸನೆ ಬಂದರೆ ಕಾಂಪೌಂಡ್ ಹಾರುತ್ತದೆ. ಒಂದು ಇಳಿದಿದ್ದರೆ ಮರಿಯೂ ಆಗುತ್ತದೆ.

ಮುಖ್ಯ ಭಯ ಗಡ್ಡೆಯದು. ಒಳಗೆ ಉಳಿದ ಬೀಜದಲ್ಲಿ ಗಡ್ಡೆ ಬೆಳೆಯುವ ಸಂಭವ ಇಳಿದ ಬೀಜಕ್ಕಿಂತ ಹಲವು ಪಟ್ಟು ಹೆಚ್ಚು, ಬರುವುದೂ ಬೇಗ. ಅದರಲ್ಲಿ ಸರ್ಟೋಲಿ ಕೋಶದ ಗಡ್ಡೆ ಎಂಬುದೊಂದಿದೆ. ಅದು ಹೆಣ್ಣು ಹಾರ್ಮೋನು ಸುರಿಸುತ್ತದೆ. ಗಂಡು ನಾಯಿಗೆ ಮೊಲೆ ಊದುತ್ತದೆ, ಎರಡೂ ಪಕ್ಕೆಯಲ್ಲಿ ಕೂದಲು ಉದುರುತ್ತದೆ, ಬೇರೆ ಗಂಡು ನಾಯಿಗಳು ಬೆನ್ನು ಹತ್ತುತ್ತವೆ. ಮನೆಯವರು ಚರ್ಮದ ಕಾಯಿಲೆ ಎಂದು ಎಣ್ಣೆ, ಶಾಂಪೂ ಹಚ್ಚುತ್ತಾ ಇರುತ್ತಾರೆ. ಅಷ್ಟರಲ್ಲಿ ಅದು ಎಲುಬಿನ ಮಜ್ಜೆಯನ್ನೇ ಕೆಡಿಸಿ ರಕ್ತ ಹುಟ್ಟದಂತೆ ಮಾಡಬಹುದು. ಹೊಟ್ಟೆಯೊಳಗೆ ಸಡಿಲವಾಗಿ ತೂಗುವ ಬೀಜ ತಿರುಚಿಕೊಂಡು ವಿಪರೀತ ನೋವು ಕೊಡುವುದೂ ಉಂಟು.

ಹಾಗಾಗಿ ಮದ್ದು ಒಂದೇ, ಆಪರೇಷನ್. ಯಾವಾಗ ಎನ್ನುವುದಕ್ಕೆ ನಾಯಿಯ ಗಾತ್ರ ನೋಡಬೇಕು. ಪೊಮೆರೇನಿಯನ್‌ನಂಥ ಸಣ್ಣ ಜಾತಿಗೆ ಆರು ತಿಂಗಳು ಕಳೆದರೆ ಮಾಡಿಸಬಹುದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥವುಗಳಿಗೆ ಎಲುಬು ಬೆಳೆದು ಮುಗಿಯುವವರೆಗೂ ಹಾರ್ಮೋನು ಬೇಕು. ತೀರಾ ಬೇಗ ತೆಗೆಸಿದರೆ ಕೀಲುಗಳ ತೊಂದರೆ ಹೆಚ್ಚುತ್ತದೆ ಎಂದು ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2013ರಲ್ಲಿ ಗೋಲ್ಡನ್ ರಿಟ್ರೀವರ್‌ಗಳಲ್ಲಿ ಕಂಡರು, ಆಮೇಲೆ ಬೇರೆ ಜಾತಿಗಳನ್ನೂ ನೋಡಿದರು. ಅದಕ್ಕೇ ದೊಡ್ಡ ನಾಯಿಗೆ ಒಂದು ವರ್ಷದ ಆಸುಪಾಸಿನವರೆಗೆ ಕಾಯುತ್ತಾರೆ. ಗಡ್ಡೆ ಆ ವಯಸ್ಸಿಗೆ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಒಂದು ವರ್ಷ ಎಂದದ್ದು ನಮ್ಮ ಊರಲ್ಲಿ 'ಅಷ್ಟಮಿ ಕಳೀಲಿ, ದೀಪಾವಳಿ ಕಳೀಲಿ' ಎಂದು ಐದು ವರ್ಷ ಆಗಿಬಿಡುತ್ತದೆ. ನನಗೆ ಇರುವ ತಕರಾರು ಅದೊಂದೇ.

ತೆಗೆಸುವಾಗ ಎರಡನ್ನೂ ತೆಗೆಸಬೇಕು. ಇದು ವಂಶದಲ್ಲಿ ಬರುವ ದೋಷ. ತಾಯಿಯ ಕಡೆಯಿಂದಲೂ ಬರುತ್ತದೆ, ಅವಳಲ್ಲಿ ಕಾಣುವುದಿಲ್ಲ ಅಷ್ಟೆ. ಡಾಗ್ ಶೋ ನಿಯಮಗಳಲ್ಲೂ ಗಂಡು ನಾಯಿಗೆ ಎರಡೂ ಇಳಿದಿರಬೇಕು ಎಂದಿರುವುದು ಇದಕ್ಕೇ. ಇನ್ನು ಕೆಲವು ಕಡೆ ಸುಲಭಕ್ಕೆ ಸಿಕ್ಕಿದ ಒಂದನ್ನು ತೆಗೆದು ಕಳಿಸಿಬಿಡುತ್ತಾರೆ. ಅದರಷ್ಟು ಕೆಟ್ಟ ಕೆಲಸ ಬೇರೆ ಇಲ್ಲ. ತೆಗೆಯಲೇಬೇಕಾದದ್ದು ಒಳಗೇ ಉಳಿಯುತ್ತದೆ, ಚೀಲ ಖಾಲಿ ಕಾಣುತ್ತದೆ. ನಾಯಿ ಬೇರೆ ಮನೆ ಸೇರಿದರೆ ಅಲ್ಲಿಯವರು ಆಪರೇಷನ್ ಆದ ನಾಯಿ ಎಂದೇ ನಂಬುತ್ತಾರೆ.

ಭಾವನ ನಾಯಿಗೆ ಹನ್ನೊಂದು ತಿಂಗಳಿಗೆ, ಮಳೆ ಬಿಟ್ಟ ಮೇಲೆ ಆಯಿತು. ಹೊಲಿಗೆ ಒಣಗಿರಬೇಕು, ಜುಲೈಯಲ್ಲಿ ಅದು ಕಷ್ಟ ಎಂದು ಡಾಕ್ಟರೇ ತಿಂಗಳು ಆರಿಸಿಕೊಟ್ಟಿದ್ದರು. ಮೊದಲು ಸ್ಕ್ಯಾನ್‌ನಲ್ಲಿ ಹುಡುಕಿದರು. ಹೊಟ್ಟೆಯೊಳಗೆ, ಮೂತ್ರಕೋಶದ ಪಕ್ಕದಲ್ಲಿ ಇತ್ತು. ಹೊಟ್ಟೆಯಲ್ಲಿ ಒಂದು ಹೊಲಿಗೆ, ಕೆಳಗೆ ಒಂದು. ಮುಗಿದ ಮೇಲೆ ಟ್ರೇಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಎಡದ್ದು ದೊಡ್ಡ ನೆಲ್ಲಿಕಾಯಿಯಷ್ಟು, ಗಟ್ಟಿ. ಬಲದ್ದು ಅದರ ಅರ್ಧವೂ ಇಲ್ಲ, ಮೆತ್ತಗೆ, ಬಣ್ಣವೂ ಮಂಕು.

ಭಾವ ಬಗ್ಗಿ ನೋಡಿದರು. "ಇಷ್ಟು ಸಣ್ಣದಕ್ಕೆ ಇಷ್ಟೆಲ್ಲ ಉಂಟಾ!" ಎಂದರು. ನಾಯಿ ಆಗಲೇ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಹಾಕಿಕೊಂಡು, ಅಮಲು ಇಳಿಯದೆ, ಬಾಗಿಲಿನ ಚೌಕಟ್ಟಿಗೆ ಡಿಕ್ಕಿ ಹೊಡೆಯುತ್ತಿತ್ತು.