ಚುಕ್ಕಿಯ ಕೆಳಗಿನ ಕಪ್ಪು

ತಿಪಟೂರು ಸೀಮೆಯ ತೆಂಗಿನ ತೋಟವೊಂದರಲ್ಲಿ ಉದುರಿಬಿದ್ದಿದ್ದ ಗಿನಿಕೋಳಿಯ ಗರಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಬೂದು ಬೆರೆತ ಕಪ್ಪಿನ ಮೇಲೆ, ದಂಟಿನ ಎರಡೂ ಬದಿಗೆ, ಸುಣ್ಣದ ಬೊಟ್ಟು ಇಟ್ಟಂತೆ ಬಿಳಿ ಚುಕ್ಕಿಗಳ ಸಾಲು. ಎಳೆಗಳನ್ನು ಉಗುರಿನಿಂದ ಬಿಡಿಸಿದಾಗ ಬೇರೆಯೇ ಸಂಗತಿ ಕಂಡಿತು. ಒಂದೊಂದು ಎಳೆಯಲ್ಲೂ ಕಪ್ಪು ಒಂದು ಕಡೆ ನಿಂತು, ಅಕ್ಕಿಕಾಳಿನಷ್ಟೂ ಇಲ್ಲದ ಜಾಗ ಖಾಲಿ ಉಳಿದು, ಮತ್ತೆ ಕಪ್ಪು ಶುರುವಾಗಿತ್ತು. ಅಕ್ಕಪಕ್ಕದ ಎಳೆಗಳ ಖಾಲಿ ಜಾಗಗಳು ಕೂಡಿಕೊಂಡೇ ಆ ದುಂಡು ಚುಕ್ಕಿ ಮೂಡಿತ್ತು.

ಗರಿ ಬೆಳೆಯುವುದು ಬುಡದಿಂದ. ಬುಡದಲ್ಲಿರುವ ವರ್ಣಕೋಶಗಳು ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯದ ಕಣಗಳನ್ನು ತಯಾರಿಸಿ, ರೂಪುಗೊಳ್ಳುತ್ತಿರುವ ಗರಿಯ ಕೋಶಗಳಿಗೆ ತುಂಬುತ್ತವೆ. ಆ ಪೂರೈಕೆ ನಿಂತ ಕಡೆ ಗರಿ ಬೆಳ್ಳಗೆ ಉಳಿಯುತ್ತದೆ. ಹಾಗಾಗಿ ಕಡುಬಣ್ಣದ ಗಿನಿಕೋಳಿ ಬೇಕೆನ್ನುವವರು ಹಕ್ಕಿಗೆ ಹೊಸದಾಗಿ ಕಪ್ಪನ್ನು ಸೇರಿಸಬೇಕಾಗಿಲ್ಲ. ಇರುವ ಕಪ್ಪನ್ನು ತಡೆಯುವ ಮತ್ತು ತೆಳುವಾಗಿಸುವ ಗುಣಗಳನ್ನು ವಂಶದಿಂದ ಹೊರಗಿಡಬೇಕು. ಈ ಕಪ್ಪು ಬರಿಯ ಅಂದಕ್ಕಷ್ಟೇ ಇರುವುದೂ ಅಲ್ಲ. ಮೆಲನಿನ್ ತುಂಬಿದ ಗರಿ ಬೇಗ ಸವೆಯುವುದಿಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳ ಹಾರುಗರಿಗಳು ಕಪ್ಪಗಿರುವುದನ್ನು ನೆನೆಯಬಹುದು.

ನಮ್ಮ ದೇಶದಲ್ಲಿ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಮೂರು ತಳಿಗಳು ಪರಿಚಿತವಾಗಿವೆ: ಚುಕ್ಕಿಯ ಕಾದಂಬರಿ, ತಿಳಿಬೂದಿಯ ಚಿತಾಂಬರಿ, ಬಿಳಿಯ ಶ್ವೇತಾಂಬರಿ. ತಿಳಿಬೂದಿ ಬಣ್ಣವನ್ನು ಲ್ಯಾವೆಂಡರ್ ಎನ್ನುತ್ತಾರೆ. ನಾಟಿಕೋಳಿಯ ಜಾತಿಯಲ್ಲಿ ಮತ್ತು ಜಪಾನಿ ಲಾವಕ್ಕಿಯಲ್ಲಿ ಈ ಬಣ್ಣ ಹೇಗೆ ಬರುತ್ತದೆಂಬುದು ಚೆನ್ನಾಗಿ ತಿಳಿದಿದೆ: ಮೆಲನಿನ್ ಕಣಗಳನ್ನು ಸಾಗಿಸುವ ವ್ಯವಸ್ಥೆಯಲ್ಲಿ ಲೋಪವಿರುವುದರಿಂದ ಅವು ಗರಿಯಲ್ಲಿ ಸಮನಾಗಿ ಹರಡದೆ ಮುದ್ದೆಗಟ್ಟುತ್ತವೆ. ಇವುಗಳಲ್ಲದೆ, ಚುಕ್ಕಿಗಳು ಬಹುಪಾಲು ಅಳಿದು ನೇರಳೆ ಹೊಳಪಿನ ಕಪ್ಪು ಉಳಿದ, ರಾಯಲ್ ಪರ್ಪಲ್ ಎಂಬ ಬಗೆಯೂ ಇದೆ. ಕಡುಬಣ್ಣ ಅರಸುವವರಿಗೆ ಬೇಕಾದದ್ದು ಇದೇ. ಬಿಳಿಯನ್ನು ಮಾತ್ರ ಈ ಕೆಲಸಕ್ಕೆ ತರಲೇಬಾರದು, ಏಕೆಂದರೆ ಬಿಳಿ ಮತ್ತು ಚುಕ್ಕಿಯ ಹಕ್ಕಿಗಳನ್ನು ಕೂಡಿಸಿದರೆ ಎದೆಯಲ್ಲೂ ರೆಕ್ಕೆಯಲ್ಲೂ ಬಿಳಿ ಇರುವ ಮರಿಗಳು ಬರುತ್ತವೆ.

ಚುಕ್ಕಿ ಅಳಿಯುವ ಗುಣ, ಲ್ಯಾವೆಂಡರ್ ಗುಣ ಎರಡೂ ದುರ್ಬಲವಾದವು. ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಣುತ್ತವೆ. ಇದರಿಂದಾಗಿ ರಾಯಲ್ ಪರ್ಪಲ್ ಹುಂಜವನ್ನು ಲ್ಯಾವೆಂಡರ್ ಹೇಂಟೆಗೆ ಕೂಡಿಸಿದರೆ, ಇಬ್ಬರನ್ನೂ ಹೋಲದ, ಕಾಡಿನ ಮೂಲ ಬಣ್ಣದ ಚುಕ್ಕಿಮರಿಗಳೇ ಹುಟ್ಟುತ್ತವೆ. ಸಾಕಿದವರು ಬೇಸರಪಟ್ಟು ಆ ಮರಿಗಳನ್ನು ಮಾರಿಬಿಟ್ಟರೆ ಕೈಗೆ ಬಂದ ಫಲವನ್ನೇ ಕಳೆದುಕೊಂಡಂತೆ. ಆ ಮರಿಗಳು ಬೆಳೆದು ತಮ್ಮತಮ್ಮಲ್ಲೇ ಕೂಡಿದಾಗ, ಸರಾಸರಿ 16ಕ್ಕೆ 9 ಚುಕ್ಕಿಯವು, 3 ಲ್ಯಾವೆಂಡರ್, 3 ರಾಯಲ್ ಪರ್ಪಲ್, ಮತ್ತು 1 ಚುಕ್ಕಿ ಕಡಿಮೆಯಾದ ತಿಳಿಬೂದಿಯದು ಬರುತ್ತದೆ. ಆ 3 ಕಡುಬಣ್ಣದವುಗಳಲ್ಲೂ ಸರಾಸರಿ 2 ಲ್ಯಾವೆಂಡರ್ ಗುಣವನ್ನು ಒಳಗೆ ಬಚ್ಚಿಟ್ಟುಕೊಂಡಿರುತ್ತವೆ, ಕಣ್ಣಿಗೆ ಯಾವ ವ್ಯತ್ಯಾಸವೂ ತಿಳಿಯದು. ಪರೀಕ್ಷಿಸಲು ಒಂದು ದಾರಿ ಇದೆ: ಅನುಮಾನದ ಹಕ್ಕಿಯನ್ನು ಲ್ಯಾವೆಂಡರ್ ಹಕ್ಕಿಗೆ ಕೂಡಿಸಿ ನೋಡುವುದು. ಗುಣ ಅಡಗಿದ್ದರೆ ಮರಿಗಳಲ್ಲಿ ಸರಾಸರಿ ಅರ್ಧ ಲ್ಯಾವೆಂಡರ್ ಆಗಿರುತ್ತವೆ. ಗುಣ ಅಡಗಿದ್ದೂ 8 ಮರಿಗಳಲ್ಲಿ ಒಂದರಲ್ಲೂ ಕಾಣದೆ ಹೋಗುವುದು 256ಕ್ಕೆ ಒಮ್ಮೆ ಮಾತ್ರ.

ಲೆಕ್ಕ ಸುಲಭ, ತೋಟದಲ್ಲಿ ಅದನ್ನು ಕಾಪಾಡುವುದೇ ಕಷ್ಟ. ಬಿಟ್ಟು ಸಾಕಿದ ಗಿನಿಕೋಳಿಗಳು ಕತ್ತಾಳೆ ಬೇಲಿಯ ಮರೆಯಲ್ಲಿ, ಹಲವು ಹೇಂಟೆಗಳು ಒಂದೇ ಗೂಡಿನಲ್ಲಿ, ಮೊಟ್ಟೆ ಇಟ್ಟುಬಿಡುತ್ತವೆ. 26ರಿಂದ 28 ದಿನಗಳ ಕಾವು ಮುಗಿದು ಮರಿ ಹೊರಬರುವಾಗ ಅದರ ತಾಯಿ ಯಾವುದೆಂದು ಹೇಳುವವರಿಲ್ಲ. ಆದ್ದರಿಂದ ಜೋಡಿಗೊಂದು ಪ್ರತ್ಯೇಕ ಗೂಡು, ಮರಿಯ ಕಾಲಿಗೆ ಉಂಗುರ, ಒಂದು ನೋಟ್‌ಬುಕ್ ಇವಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹುಂಜ, ಹೇಂಟೆ ನೋಡಲು ಒಂದೇ ರೀತಿ ಇರುವುದರಿಂದ ಕಿವಿಯನ್ನೇ ನಂಬಬೇಕು: ಎರಡು ತುಂಡಾಗಿ ಕೂಗುವುದು ಹೇಂಟೆ ಮಾತ್ರ, ಹುಂಜಕ್ಕೆ ಆ ಕೂಗು ಬಾರದು. ಹುಂಜವನ್ನು ಬದಲಿಸಿದ ಮೇಲೂ ಹಳೆಯದರ ವೀರ್ಯ ಹೇಂಟೆಯ ಒಡಲಲ್ಲಿ ಹಲವು ದಿನ ಉಳಿದಿರುತ್ತದೆ. ಅಲ್ಲಿಯವರೆಗಿನ ಮೊಟ್ಟೆಗಳನ್ನು ಲೆಕ್ಕಕ್ಕೆ ಹಿಡಿಯದೆ ಅಡುಗೆಗೆ ಬಳಸುವುದು ಒಳ್ಳೆಯದು. ಕೆಲವೇ ಹಕ್ಕಿಗಳೊಳಗೆ ತಲೆಮಾರುಗಟ್ಟಲೆ ಕೂಡಿಸಿದರೆ ಮೊಟ್ಟೆ ಮರಿಯಾಗುವ ಪ್ರಮಾಣ ಕುಗ್ಗುತ್ತದೆ, ಹಾಗಾಗಿ ಆಗಾಗ ಹೊರಗಿನ ಹಕ್ಕಿ ತರಲೇಬೇಕು.

ಚುಕ್ಕಿತಳಿಯ ಮರಿಗಳು ಮೊದಲು ಅಳಿಲಿನಂತೆ ಕಂದು ಪಟ್ಟೆಗಳನ್ನು ಹೊತ್ತಿರುತ್ತವೆ. ಆ ಪುಕ್ಕ ಕಳಚಿ, ಎರಡು ಮೂರು ತಿಂಗಳಲ್ಲಿ ಬಲಿತ ಗರಿ ಮೂಡುವವರೆಗೂ ಬಣ್ಣದ ತೀರ್ಮಾನ ಮಾಡುವಂತಿಲ್ಲ. ಆಮೇಲೂ ಬೆನ್ನನ್ನಷ್ಟೇ ನೋಡಿದರೆ ಸಾಲದು. ಬೆನ್ನಿನಲ್ಲಿ ಚುಕ್ಕಿ ಪೂರ್ತಿ ಅಳಿದ ಹಕ್ಕಿಯಲ್ಲೂ, ರೆಕ್ಕೆಯನ್ನು ಮೆಲ್ಲಗೆ ಎತ್ತಿ ಹಿಡಿದರೆ, ಪಕ್ಕೆಯ ಮೇಲೆ ಅದೇ ಬಿಳಿ ಬೊಟ್ಟುಗಳು ಸಾಲಾಗಿ ಕಾಣುತ್ತವೆ.