ಹಳೇ ಡಾಂಬರು ಪಾಸೋ ಫೇಲೋ?

1973ರಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದಾಗ ಪೆಟ್ರೋಲ್ ಬಂಕ್‌ಗಳ ಮುಂದಿನ ಸಾಲು ಎಲ್ಲರ ಕಣ್ಣಿಗೂ ಬಿತ್ತು. ರಸ್ತೆ ಗುತ್ತಿಗೆದಾರರ ತಲೆನೋವು ಬೇರೆಯೇ ಇತ್ತು. ಡಾಂಬರು ಕೂಡ ಕಚ್ಚಾ ಎಣ್ಣೆಯಿಂದಲೇ ಬರೋದು ಅಲ್ವಾ? ಅದರ ಬೆಲೆಯೂ ಏರಿತು. ಕಿತ್ತು ಬಿಸಾಡುತ್ತಿದ್ದ ಹಳೇ ರಸ್ತೆಗೆ ಆಗ ಬೆಲೆ ಬಂತು. ಮತ್ತೆ ಬಳಸಲೆಂದು ಅದನ್ನು ಕೆರೆಯುವ ಮಿಲ್ಲಿಂಗ್ ಯಂತ್ರಗಳೂ ಅದೇ ದಶಕದಲ್ಲಿ ಬಂದವು.

ಆದರೆ ಹಳೇ ಮಾಲು ಹಾಕಿದ ರಸ್ತೆ ಚೆನ್ನಾಗಿದೆ ಅಂತ ಹೇಳುವುದು ಹೇಗೆ? ಕೈಯಲ್ಲಿದ್ದದ್ದು ಮಾರ್ಷಲ್ ಟೆಸ್ಟ್. ಮಿಸಿಸಿಪ್ಪಿ ಹೆದ್ದಾರಿ ಇಲಾಖೆಯ ಬ್ರೂಸ್ ಮಾರ್ಷಲ್ 1930ರ ದಶಕದ ಕೊನೆಗೆ ರೂಪಿಸಿದ್ದು. ನಮ್ಮ ಸಿವಿಲ್ ವಿದ್ಯಾರ್ಥಿಗಳಿಗೆ ಇದು ಚೆನ್ನಾಗಿ ಗೊತ್ತು: ಡಾಂಬರು-ಜಲ್ಲಿ ಮಿಶ್ರಣದ ನಾಲ್ಕು ಇಂಚಿನ ಬಿಲ್ಲೆ, ಎರಡೂ ಕಡೆ ಸುತ್ತಿಗೆಯ 75 ಪೆಟ್ಟು, 60 ಡಿಗ್ರಿ ನೀರಲ್ಲಿ ನೆನೆಸಿ ಅಮುಕುವುದು. ಎಷ್ಟು ಭಾರ ತಡೆಯಿತೋ ಅಷ್ಟು ಅಂಕ.

ಎಡವಟ್ಟು ಆಗುವುದು ಇಲ್ಲೇ. ವರ್ಷಗಟ್ಟಲೆ ಗಾಳಿ, ಬಿಸಿಲು ಕುಡಿದ ಡಾಂಬರು ಗಡುಸಾಗಿರುತ್ತದೆ. ಅಮುಕಿದರೆ ಹೊಸದಕ್ಕಿಂತ ಜಾಸ್ತಿ ತಡೆಯುತ್ತದೆ. ಬಗ್ಗಿಸಿದರೆ ಮಾತ್ರ ಒಣ ಹಪ್ಪಳದ ಹಾಗೆ ಲಟಕ್ಕನೆ ಮುರಿಯುತ್ತದೆ. ಅಂದರೆ ಬಿರುಕು ಬಿಡುವ ಮಾಲಿಗೇ ಒಳ್ಳೇ ಅಂಕ!

ಇನ್ನೊಂದು ಜಗಳವೂ ಇತ್ತು. ಮಿಶ್ರಣ ತಯಾರಿಸುವ ಪ್ಲಾಂಟ್‌ನಲ್ಲಿ ಬಿಸಿ ಮಾಡಿದಾಗ ಹಳೇ ಡಾಂಬರು ಕರಗಿ ಹೊಸದರ ಜೊತೆ ಬೆರೆಯುತ್ತದೋ, ಇಲ್ಲಾ ಕಪ್ಪು ಜಲ್ಲಿಯಾಗಿ ಸುಮ್ನೆ ಕೂತಿರುತ್ತದೋ? ಅಮೆರಿಕದಲ್ಲಿ ಎರಡೂ ಬಗೆಯ ಬಿಲ್ಲೆ ಮಾಡಿ, ನಿಜವಾದ ಮಿಶ್ರಣದ ಜೊತೆ ಹೋಲಿಸಿ ನೋಡಿದರು. 2001ರಲ್ಲಿ ವರದಿ ಬಂತು: ಬಹುಪಾಲು ಬೆರೆಯುತ್ತದೆ. ಅಲ್ಲಿಂದ ನಿಯಮ ಸ್ಪಷ್ಟವಾಯಿತು. ಹಳೇ ಮಾಲು ಶೇ 15ರ ಒಳಗಿದ್ದರೆ ಚಿಂತೆಯಿಲ್ಲ. ಶೇ 25ರವರೆಗೆ ಒಂದು ದರ್ಜೆ ಮೆತ್ತಗಿನ ಡಾಂಬರು ಹಾಕಬೇಕು. ಅದಕ್ಕೂ ಮೇಲೆ ಹೋದರೆ ಹಳೇ ಡಾಂಬರನ್ನು ಬೇರ್ಪಡಿಸಿ ಪರೀಕ್ಷಿಸಲೇಬೇಕು.

ಬಿರುಕನ್ನೇ ನೇರವಾಗಿ ಅಳೆಯುವ ಸರಳ ಪರೀಕ್ಷೆ ಬರಲು ಇನ್ನೂ ಹಲವು ವರ್ಷ ಬೇಕಾಯಿತು. ನನ್ನ ಪ್ರಕಾರ ಇದು ತೀರಾ ತಡ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇಮಾದ್ ಅಲ್-ಖಾದಿ ತಂಡದ ಐ-ಫಿಟ್ ಪರೀಕ್ಷೆಯಲ್ಲಿ ಅರ್ಧಚಂದ್ರಾಕಾರದ ಬಿಲ್ಲೆಯ ಬುಡಕ್ಕೆ 15 ಮಿ.ಮೀ. ಆಳದ ಗೀರು ಕೊಯ್ಯುತ್ತಾರೆ. 25 ಡಿಗ್ರಿಯಲ್ಲಿ ಮೇಲಿಂದ ಒತ್ತುತ್ತಾರೆ. ಮುರಿಯಲು ಎಷ್ಟು ಶಕ್ತಿ ಬೇಕು ಅನ್ನುವುದಷ್ಟೇ ಅಲ್ಲ, ಬಿರುಕು ಶುರುವಾದ ಮೇಲೆ ಎಷ್ಟು ಸರ್ರನೆ ಓಡಿತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಭಾರತದಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲಿ ಮರುಬಳಕೆಗೆಂದೇ ಐಆರ್‌ಸಿ 120 ಎಂಬ ಮಾರ್ಗಸೂಚಿ ಹೊರತಂದಿತು. ಬಿಸಿ ಡಾಂಬರಿಗೆ ಚೂರು ತಣ್ಣೀರು ಸೇರಿಸಿ ನೊರೆ ಬರಿಸಿ, ಕೆರೆದ ಮಾಲಿಗೆ ತಣ್ಣಗೇ ಬೆರೆಸುವ ವಿಧಾನವೂ ಇದೆ. ಇಂಥ ಪದರದ ಪರೀಕ್ಷೆ ಇನ್ನೂ ನಾಜೂಕು. ಪದರದ ಸಾಂದ್ರತೆ ನೋಡಲು ಬಳಸುವ ವಿಕಿರಣದ ಉಪಕರಣ, ನ್ಯೂಕ್ಲಿಯರ್ ಗೇಜ್, ಹೈಡ್ರೋಜನ್ ಗುರುತಿಸಿ ತೇವ ಅಳೆಯುತ್ತದೆ. ಡಾಂಬರಿನಲ್ಲೂ ಹೈಡ್ರೋಜನ್ ಇದೆಯಲ್ಲ, ಅದನ್ನೂ ನೀರೆಂದೇ ಎಣಿಸಿಬಿಡುತ್ತದೆ. ನೀರಿನ ಭಾರ ಕಳೆದು ಲೆಕ್ಕ ಹಾಕುವ ಒಣ ಸಾಂದ್ರತೆ ಕಡಿಮೆ ಕಾಣಿಸಿ, ಸರಿಯಾಗಿ ರೋಲ್ ಮಾಡಿದ ಪದರವೂ ಫೇಲ್ ಆಗಬಹುದು. ಹಾಗಾಗಿ ಸ್ಯಾಂಪಲ್ ಒಯ್ದು ಒಲೆಯಲ್ಲಿ ಒಣಗಿಸಿ ಲೆಕ್ಕ ತಿದ್ದಬೇಕು. ಪರೀಕ್ಷೆಗೆಂದು ರಸ್ತೆ ಕೊರೆದು ಉರುಳೆಯಾಕಾರದ ತುಂಡು (ಕೋರ್) ತೆಗೆಯಲೂ ಅವಸರ ಮಾಡುವಂತಿಲ್ಲ. ಪದರ ಒಣಗುವ ಮುಂಚೆ ಕೊರೆದರೆ ಕೈಗೆ ಸಿಗುವುದು ಬರೀ ಪುಡಿ. ಲ್ಯಾಬ್ ಬಿಲ್ಲೆಗಳನ್ನೂ 40 ಡಿಗ್ರಿಯಲ್ಲಿ 72 ಗಂಟೆ ಇಟ್ಟು, ಆಮೇಲೆ ಸೀಳಿ ನೋಡುತ್ತಾರೆ. ಒಣಗಿದ್ದು ಒಂದಷ್ಟು, ನೀರಲ್ಲಿ ನೆನೆದದ್ದು ಒಂದಷ್ಟು. ಮಳೆಗಾಲ ತಡೆಯುತ್ತದೋ ಇಲ್ಲವೋ ಹೇಳುವುದು ನೆನೆದ ಬಿಲ್ಲೆಯೇ.